ಆ ಒಂದು ಓಟು

ಹೊಸ ಶಾಸಕನ ಭಾವಮೈದುನ ಗಲ್ಲಿಗಿದ್ದ ಒಂದೇ ನಲ್ಲಿಗೆ ಬೀಗ ಹಾಕಿಸಿದ. ಜಿಲ್ಲೆಯ ಅಷ್ಟೂ ಕ್ಷೇತ್ರಗಳನ್ನು ಅವರ ಪಕ್ಷವೇ ಗೆದ್ದಿತ್ತು. ಆದರೂ ಈ ಗಲ್ಲಿಯ ಮತಗಟ್ಟೆಯಲ್ಲಿ ಸೋತವನಿಗೆ ಬಿದ್ದ ಒಂದೇ ಒಂದು ಓಟು ಈ ಭಾವಮೈದುನನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗಿತ್ತು.

“ಮಕ್ಕಳ ತಲೆ ಮುಟ್ಟಿ ‘ಅದು ನಂದಲ್ಲ’ ಅನ್ನಿ. ಯಾರು ಅನ್ನಲ್ವೋ ಅವರೇ ದ್ರೋಹಿ. ಆಮೇಲೆ ನೀರು,” ಎಂದ. ಖಾಲಿ ಕೊಡ ಹಿಡಿದು ನಿಂತ ಹೆಂಗಸರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಅಂದರು. ಕೊನೆಗೆ ಉಳಿದವಳು ಬಟ್ಟೆ ಹೊಲಿಯುವವಳು. ಅವಳ ತೋಳಲ್ಲಿದ್ದ ಮಗುವಿನ ಮೈ ಜ್ವರದಿಂದ ಕಾದ ಹೆಂಚಾಗಿತ್ತು.

“ಅಂದುಬಿಡೇ,” ಅತ್ತೆ ಅವಳ ಸೆರಗು ಜಗ್ಗಿದಳು. “ನೀನು ಹಾಕಿದ್ದು ಇವರಿಗೇ ತಾನೆ? ನಿಜ ಹೇಳೋಕೆ ನಾಲಿಗೆ ಸವೆಯುತ್ತಾ?”

ನಿಜವೇ. ಅವಳು ಒತ್ತಿದ್ದು ಗೆದ್ದವನ ಗುರುತನ್ನೇ.

“ಬೇಗ ಕಣಮ್ಮಾ, ಮೆರವಣಿಗೆಗೆ ಹೊತ್ತಾಯ್ತು,” ಭಾವಮೈದುನ ಬೀಗದ ಕೈ ಕುಣಿಸಿದ. “ಇಡು ಕೈ.”

ಅವಳು ಕೈಯಿಟ್ಟಳು. ಮಗು ಆ ಕೈಗೆ ತಲೆ ಒತ್ತಿ ನೀರು ಕೇಳಿತು. ಸುತ್ತಲಿನ ಕಣ್ಣುಗಳೆಲ್ಲ ಅವಳ ತುಟಿಯ ಮೇಲಿದ್ದವು. ಅವಳು ಮೆಲ್ಲಗೆ ಕೈ ತೆಗೆದಳು.

“ನನ್ನ ಓಟು ಯಾರಿಗೆ ಅಂತ ನಾನು ಹೇಳಲ್ಲ. ಸೋತೋರಿಗೂ ಹೇಳಲ್ಲ, ಗೆದ್ದೋರಿಗೂ ಹೇಳಲ್ಲ.”