ರಟ್ಟಿನ ಮೇಲಿನ ಅಕ್ಷರ

"ಅಮ್ಮಾ, ಇದರ ಮೇಲೆ ಪಪ್ಪಾ ಏನೋ ಬರ್ದಿದಾರೆ, ಸ್ವಲ್ಪ ಓದು," ಎಂದು ಕಿರಣ್, ಅಪ್ಪ ಅಳತೆಗೆ ಕತ್ತರಿಸಿಟ್ಟಿದ್ದ ರಟ್ಟನ್ನು ಮುಂದೆ ಹಿಡಿದ. ಅಹಮದಾಬಾದಿನಲ್ಲೇ ಬೆಳೆದವನಿಗೆ ಕನ್ನಡ ಓದಲು ಬಾರದು. ನರೋಡಾದ ಶೆಡ್ಡಿನಲ್ಲಿ ಲಾರಿಯ ಏರ್ ಫಿಲ್ಟರಿಗೆ ತಗಡಿನ ಡಬ್ಬಿ ಸಿದ್ಧವಾಗಿತ್ತು. ಮುಚ್ಚಳದ ಕ್ಲಿಪ್ಪುಗಳನ್ನು ಯಾವ ಬದಿಗೆ ಬೆಸೆಯಬೇಕೆಂದು ತಿಳಿಯದೆ ವೆಲ್ಡರ್ ಜಯಂತಿಭಾಯಿ ಕಾಯುತ್ತಿದ್ದ.

ವೈದೇಹಿ ರಟ್ಟನ್ನು ತೆಗೆದುಕೊಂಡಳು. ಗಂಡ ಹೋಗಿ ಇಪ್ಪತ್ತು ದಿನವಾಗಿತ್ತು. ವೈಕುಂಠ ಸಮಾರಾಧನೆಯ ದಿನವೂ ಅವಳಿಗೆ ಅಳು ಬಂದಿರಲಿಲ್ಲ, ಈಗಲೂ ಬರಲಿಲ್ಲ. ಪೆನ್ಸಿಲಿನ ದಪ್ಪ ಅಕ್ಷರ: 'ಕ್ಲಿಪ್ಪು ಎಡಗಡೆ. ನನ್ನ ಕೈಗೆ ಸಿಗುವ ಹಾಗೆ.' ಊಟವೊಂದನ್ನು ಬಿಟ್ಟು ಅವರಿಗೆ ಎಲ್ಲದಕ್ಕೂ ಎಡಗೈಯೇ. ಅಡುಗೆಮನೆಯ ಕಪಾಟಿನ ಚಿಲಕವನ್ನೂ ತಮ್ಮ ಕೈಗೆ ಸಿಗುವಂತೆಯೇ ಹಾಕಿಸಿದ್ದರು; ಮೂವತ್ತು ವರ್ಷ ಅವಳ ಬಲಗೈ ಅದರೊಂದಿಗೆ ಹೆಣಗಾಡಿತ್ತು.

"ಬೋಲೋ ಬೆನ್, ಕಿಸ್ ತರಫ್?" ಯಾವ ಕಡೆಗೆಂದು ಕೇಳಿದ ಜಯಂತಿಭಾಯಿ.

ಇನ್ನು ಈ ಲಾರಿ ಓಡಿಸುವವನು ಕಿರಣ್. ಅವನು ಆಗಲೇ ಬಲಗೈಯಲ್ಲಿ ಮುಚ್ಚಳವನ್ನು ಎತ್ತಿ, ಇಳಿಸಿ ನೋಡುತ್ತಿದ್ದ. ವೈದೇಹಿ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದೇ ಪದ ಓದುವವಳಂತೆ ನಿಧಾನವಾಗಿ ಹೇಳಿದಳು:

"ಕ್ಲಿಪ್ಪು ಬಲಗಡೆ. ಕಿರಣನ ಕೈಗೆ ಸಿಗುವ ಹಾಗೆ."