ಮುಯ್ಯಿಯ ನಾಲ್ಕು ತಾಸು

“ಇದರಾಗ ಕಾಣಾಕತ್ತವರು ನೀವ ಹೌದಲ್ಲ, ಕಾವೇರಿ?”

ಲೆಕ್ಕ ನೋಡುವ ವಿದ್ಯಾ ಕಂಪ್ಯೂಟರಿನ ಪರದೆಯನ್ನು ಇತ್ತ ತಿರುಗಿಸಿದಳು. ರಾಯಾಪುರದ ಆ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಅವಳು ಬಂದು ಇನ್ನೂ ತಿಂಗಳಾಗಿರಲಿಲ್ಲ. ಕಾವೇರಿ ಬಗ್ಗಿ ನೋಡಿದಳು. ಮಂಗಳವಾರದ ಸಂಜೆ, ಸಾವಕ್ಕನ ಮಷಿನ್, ಅದರ ಮುಂದೆ ಕುಳಿತವಳು ತಾನೇ. ಕ್ಯಾಮೆರಾ ನೋಡಿದ್ದನ್ನು ಇಲ್ಲವೆನ್ನುವುದು ಹೇಗೆ?

“ಹೌದ್ರಿ.”

“ನಿಮ್ಮ ಪಾಳಿ ಎರಡಕ್ಕ ಮುಗದದ. ಎರಡರಿಂದ ಸಾವಕ್ಕಾರ ಪಾಳಿ. ಆಮ್ಯಾಲೆ ನೀವು ಅವರ ಕಾರ್ಡ್ ಹಚ್ಚಿ ಮತ್ತ ಒಳಗ ಬಂದು ಆರರ ತನಕ ಹೊಲದೀರಿ. ಅವರೆಲ್ಲಿದ್ರು?”

“ಅವರ ಎಮ್ಮಿ ಈಯಾಕತ್ತಿತ್ರಿ. ಕರಾ ಅಡ್ಡ ಬಂದಿತ್ತು. ದನದ ಡಾಕ್ಟರ್ ಬರೂತನಕ ಹೆಂಗ ಬಿಟ್ಟು ಬರ್ತಾರ್ರಿ? ನಾ ಮುಯ್ಯಿ ಮಾಡೀನಿ.”

ವಿದ್ಯಾಳಿಗೆ ಮುಯ್ಯಿಯೆಂದರೆ ಮದುವೆಯಲ್ಲಿ ಕೊಡುವ ಪಾತ್ರೆ ಪಡಗ. ಕಾವೇರಿ, ಸಾವಕ್ಕ ಇಬ್ಬರೂ ಹೆಬ್ಬಳ್ಳಿಯವರು. ಅಲ್ಲಿ ಕಳೆ ತೆಗೆಯುವ ಕಾಲಕ್ಕೆ ಈ ದಿನ ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು; ನಡುವೆ ದುಡ್ಡಿನ ಮಾತೇ ಇಲ್ಲ. ಮಷಿನ್ನಿಗೂ ಅದೇ ನಡೆಯುತ್ತದೆಂದು ಇಬ್ಬರೂ ತಿಳಿದಿದ್ದರು. ಬರುವ ಬುಧವಾರ ಸಾವಕ್ಕ ಮುಂಜಾನೆ ಹತ್ತಕ್ಕೇ ಬಂದು ಕಾವೇರಿಯ ಮಷಿನ್ನಿಗೆ ಕೂಡುವವಳಿದ್ದಳು. ಅಂದು ಕಾವೇರಿಯ ಮಗನಿಗೆ ಕಿವಿಯ ಆಪರೇಷನ್. ಅವ್ವ ಇಲ್ಲದಿದ್ದರೆ ಆಸ್ಪತ್ರೆಗೇ ಬರುವುದಿಲ್ಲವೆಂದು ಹುಡುಗ ಹಟ ಹಿಡಿದಿದ್ದ. ಕಾರ್ಖಾನೆಯಲ್ಲಿ ಮಾತ್ರ ಶಾಲೆ ತೆರೆಯುವವರೆಗೆ ಯಾರಿಗೂ ರಜೆಯಿಲ್ಲ. ಬರದವರ ಮಷಿನ್ ಬೇರೆಯವರ ಪಾಲು.

“ತಪ್ಪಾತ್ರಿ ಮೇಡಂ. ಕೆಲಸದಾಗಿಂದ ತೆಗೀಬ್ಯಾಡ್ರಿ.”

“ತೆಗಿಯೂ ಮಾತಲ್ರಿ, ಮೋಸ ಆಗಿದ್ದು ನಿಮಗ!” ವಿದ್ಯಾ ಕುರ್ಚಿಯನ್ನು ಮುಂದಕ್ಕೆಳೆದಳು. “ಎಂಟು ತಾಸಿನ ಮ್ಯಾಲ ದುಡದ್ರ ತಾಸಿಗೆ ಡಬಲ್ ಪಗಾರ. ನೀವು ನಾಕು ತಾಸು ಹೆಚ್ಚಿಗಿ ದುಡದೀರಿ, ಅಂದ್ರ ನಿಮಗ ಎಂಟು ತಾಸಿನ ರೊಕ್ಕ ಬರಬೇಕು. ಅದನ್ನ ಸಾವಕ್ಕಾರ ಕಾರ್ಡಿಗೆ ಹಾಕಿ ಸಿಂಗಲ್ ಮಾಡೀರಿ. ಲಾಭ ಯಾರಿಗಾತು? ಕಂಪನಿಗೆ.”

ಕಾವೇರಿ ಹಾಗೆ ಯೋಚಿಸಿಯೇ ಇರಲಿಲ್ಲ. ಎಂಟು ತಾಸಿನ ರೊಕ್ಕವೆಂದರೆ ಕಿವಿಯ ಔಷಧಿಗೆ ಆಗಿ ಸ್ವಲ್ಪ ಉಳಿಯುತ್ತದೆ. ಅವಳ ಮುಖ ಅರಳಿತು.

ಅಷ್ಟರಲ್ಲಿ ಮ್ಯಾನೇಜರ್ ಶಿವಯೋಗೀಶ ಚಹದ ಕಪ್ಪು ಹಿಡಿದು ಬಂದ. ವಿದ್ಯಾ ಎಲ್ಲವನ್ನೂ ಹೇಳಿದಳು.

“ಕೊಟ್ಟುಬಿಡ್ರಿ. ಸಾವಕ್ಕಂದು ನಾಕು ತಾಸು ಕಡೀರಿ. ಆಡಿಟಿನವರು ಬರೂದ್ರಾಗ ಎಲ್ಲಾ ನೆಟ್ಟಗ ಆಗಲಿ,” ಎಂದ ಅವನು. “ಸೋಮವಾರದಿಂದ ಕಾರ್ಡ್ ಬಂದ್. ಎಲ್ಲಾರೂ ಹೆಬ್ಬೆರಳ ಒತ್ತಬೇಕು.”

“ಹಂಗಾರ ನನ್ನ ಬುಧವಾರ ಹೆಂಗ್ರಿ ಸಾಹೇಬ್ರ?” ಕಾವೇರಿ ಮಗನ ವಿಷಯ ಹೇಳಿದಳು.

ವಿದ್ಯಾಳೇ ದಾರಿ ಹುಡುಕಿದಳು. “ಸರ್, ಸಾವಕ್ಕಾರು ಹತ್ತಕ್ಕ ಬಂದು ತಮ್ಮ ಬೆರಳ ಒತ್ತಲಿ. ಅವರಿಗೆ ಹೆಚ್ಚಿನ ತಾಸು ಅಂತ ಹಿಡಿಯೂಣು.”

“ಹಿಡದ್ರ ಅವರಿಗೂ ಡಬಲ್ ಆತಲ್ಲ! ಇದ ಕೆಲಸಕ್ಕ ಈಕಿ ಕುಂತ್ರ ಒಂದು ಪಗಾರ, ಅಕಿ ಕುಂತ್ರ ಎರಡು. ನಾ ಯಾಕ ಕೊಡ್ಲಿ?”

“ಬ್ಯಾಡ್ರಿ, ಡಬಲ್ ಅಕಿಗೂ ಬ್ಯಾಡ, ನನಗೂ ಬ್ಯಾಡ,” ಕಾವೇರಿ ಗಡಬಡಿಸಿದಳು. “ಮೊದಲಿನಂಗ ಸಿಂಗಲ್ ಇರಲಿ. ಬುಧವಾರ ಒಂದು ಬಿಡ್ರಿ.”

“ಹಂಗ ಕಡಿಮಿ ಕೊಡಾಕ ಬರೂದಿಲ್ರಿ,” ವಿದ್ಯಾಳ ದನಿ ಇಳಿದಿತ್ತು. “ನಿಮ್ಮ ಒಳ್ಳೇದಕ್ಕ ಮಾಡಿದ ಕಾಯ್ದೆ ಅದು.”

ಕಾವೇರಿ ಬೆರಳು ಮಡಿಚಿ ಎಣಿಸಿದಳು. “ಎಂಟು ತಾಸು ಕೊಡ್ತೇವಿ ಅಂತೀರಲ್ರಿ. ಅದರಾಗ ನಾಕು ತಾಸಿಂದು ರೊಕ್ಕ ಕೊಡ್ರಿ, ಉಳದ ನಾಕು ತಾಸು ಬುಧವಾರ ನನಗ ಬಿಡುವು ಕೊಡ್ರಿ.”

“ಭಾಳ ಶಾಣ್ಯಾಕಿ ಅದಿ ಬಿಡವಾ!” ಶಿವಯೋಗೀಶ ನಕ್ಕು ಕಪ್ಪು ಮೇಜಿನ ಮೇಲಿಟ್ಟು ಹೋದ. ವಿದ್ಯಾ ನಗಲಿಲ್ಲ. ಕಾವೇರಿ ಡಬಲ್ ಪಗಾರದ ಕಾಗದಕ್ಕೆ ಅವಳು ತೋರಿಸಿದಲ್ಲಿ ಸಹಿ ಮಾಡಿದಳು.

ಎರಡಕ್ಕೆ ಗೇಟಿನಲ್ಲಿ ಸಾವಕ್ಕ ಎದುರಾದಳು. ಕೈಯಲ್ಲಿ ಗಿಣ್ಣದ ಡಬ್ಬಿ.

“ತಗೋ, ಹುಡುಗಗ ತಿನಸು. ಡಬಲ್ ಕೊಟ್ರಂತಲ್ಲ, ಸಾವಕಾರ್ತಿ?”

“ಕೊಟ್ರ ಯಕ್ಕಾ. ನಿಂದು ಕಡದ್ರು. ಬುಧವಾರನೂ ಹೋತು.”

ಸಾವಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. “ಕಂಪನಿ ಕೊಟ್ಟದ್ದು ಕಂಪನೀದು. ನಾ ಕೊಡೂದು ಇನ್ನೂ ಐತಿ. ಮಷಿನ್ನಿಗೆ ಕುಂದ್ರಾಕ ಬಿಡೂದಿಲ್ಲಾ? ಬ್ಯಾಡ. ಎರಡರ ತನಕ ನಾ ಖಾಲಿನ ಇರ್ತೇನಲ್ಲ.”

“ಖಾಲಿ ಇದ್ದು?”

“ಮಷಿನ್ ನೀ ನೋಡು. ಹುಡುಗನ್ನ ನಾ ನೋಡ್ತೇನಿ.”

ಬುಧವಾರ ಕಾವೇರಿ ತನ್ನ ಹೆಬ್ಬೆರಳೊತ್ತಿ ಕಾಲರು ಹೊಲಿಯಲು ಕುಳಿತಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳ ಗಂಡ ಕಾಗದಕ್ಕೆ ಸಹಿ ಹಾಕಿ, ಔಷಧಿ ತರಲು ಕೆಳಗಿಳಿದಿದ್ದ. ಹಟ ಹಿಡಿದಿದ್ದ ಹುಡುಗನನ್ನು ರಮಿಸಿ ಕರೆತಂದಿದ್ದ ಸಾವಕ್ಕ ಬೆಂಚಿನ ಮೇಲೆ ಒಬ್ಬಳೇ ಇದ್ದಳು.

ಬಾಗಿಲು ತುಸು ತೆರೆಯಿತು. ನರ್ಸ್ ಮುಖವಷ್ಟೇ ಹೊರಗೆ ಹಾಕಿದಳು. “ಹುಡುಗಗ ಎಚ್ಚರ ಆಗೇತಿ. ಕಣ್ಣ ತೆರೀವಲ್ಲ, ಅವ್ವಾ ಅವ್ವಾ ಅನ್ನಾಕತ್ತಾನ. ತಾಯಿ ಯಾರದೀರಿ? ಒಬ್ಬರ ಬರ್ರಿ.”

ಸಾವಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು.