ಮೂರನೆಯ ಸಲ

ಮಗಳು ನಡೆಯಲಾರಳು ಎಂದು ಡಾಕ್ಟರು ಹೇಳಿದ ದಿನ, ವರ್ಷದ ಆ ಕೂಸಿಗೆ ಮಾತು ಕೊಟ್ಟಿದ್ದೆ: ನಿನ್ನನ್ನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ.

ವಿದೇಶದಲ್ಲಿ ನರ್ಸ್ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲಾದೆ. ಮಾತಾಡುವ ಪರೀಕ್ಷೆಯಲ್ಲಿ ಮಗಳ ವಿಷಯ ಬಂದರೆ ಅತ್ತು ತಡವರಿಸುತ್ತಿದ್ದೆ.

“ನಿಜವೋ ಸುಳ್ಳೋ ಅಂತ ಅವರು ನೋಡಲ್ಲ ಸಿಸ್ಟರ್,” ಎಂದರು ಕೋಚಿಂಗ್ ಮೇಷ್ಟ್ರು. “ತಡವರಿಸದೆ ಹೇಳ್ತೀರಾ ಅಂತಷ್ಟೇ ನೋಡ್ತಾರೆ.”

ಮೂರನೆಯ ಸಲ ಪಾಸಾದೆ. ಮಗಳು ಗಾಲಿಕುರ್ಚಿಯಿಂದಲೇ ಬಾಗಿ ನನ್ನ ಬಾಯಿಗೆ ಸಕ್ಕರೆ ಹಾಕಿದಳು.

“ನನ್ನ ಬಗ್ಗೆ ಕೇಳಿದ್ರಾ ಅಮ್ಮಾ?”

“ಮಕ್ಕಳೆಷ್ಟು ಅಂತ ಕೇಳಿದ್ರು.”

“ಈ ಸಲವೂ ಅತ್ತೆಯಾ, ಅಳುಬುರುಕಿ?”

“ಇಲ್ಲ ಕಣೇ.”

“ಪರವಾಗಿಲ್ವೇ. ಏನಂದೆ ಮತ್ತೆ?”

“ಒಬ್ಬಳೇ ಮಗಳು, ತುಂಬಾ ಜಾಣೆ ಅಂದೆ.”

ಅಲ್ಲಿ ನಾನು ಹೇಳಿದ್ದು, ನನಗೆ ಮಕ್ಕಳಿಲ್ಲ ಎಂದು.